ರ‍್ಯಾಲಿ ಚಿತ್ರ: ಪಕ್ಕದ ಸೀಟಿನ ಶೋಕ

ಮೋಟಾರು ರ‍್ಯಾಲಿಯ ಓಟವನ್ನು ಮೈಯಾಗಿ, ಸತ್ತವರ ನೆನಪನ್ನು ಜೀವವಾಗಿ ಇಟ್ಟುಕೊಂಡ ಚಿತ್ರವನ್ನು ಇಲ್ಲಿ ರ‍್ಯಾಲಿ ಚಿತ್ರ ಎಂದು ಕರೆದಿದೆ. ಆಪ್ತರನ್ನು ಕಳೆದುಕೊಂಡ ಚಾಲಕ ಮತ್ತೆ ಸ್ಟಿಯರಿಂಗು ಹಿಡಿಯುವುದೇ ಇದರ ಸಾಮಾನ್ಯ ಕಥೆ. ಪೂರ್ಣ ಪ್ರಮಾಣದ ಕಥಾಚಿತ್ರದಲ್ಲೂ ಸಾಕ್ಷ್ಯಚಿತ್ರದಲ್ಲೂ ಈ ವಸ್ತು ಬಂದಿದೆಯಾದರೂ ಇದಕ್ಕೆ ಹೇಳಿ ಮಾಡಿಸಿದ ಅಳತೆ ಕಿರುಚಿತ್ರದ್ದು. ಆಸ್ಕರ್ ನಿಯಮದಂತೆ 40 ನಿಮಿಷದೊಳಗಿನದು ಕಿರುಚಿತ್ರ. ರ‍್ಯಾಲಿಯ ಒಂದು ಸ್ಪೆಷಲ್ ಸ್ಟೇಜು ಮುಗಿಯಲು ಸಾಮಾನ್ಯವಾಗಿ ಹತ್ತೋ ಇಪ್ಪತ್ತೋ ನಿಮಿಷ ಸಾಕು. ಶುರು, ದಾರಿ, ಕೊನೆ ಮೂರೂ ಅಷ್ಟರೊಳಗೇ ಇರುತ್ತವೆ. ಕಥೆಗಾರ ಬೇರೆ ಚೌಕಟ್ಟು ಹುಡುಕಬೇಕಿಲ್ಲ.

ಓಟದ ಬಗೆ

ರೇಸು, ರ‍್ಯಾಲಿ ಎರಡೂ ಒಂದೇ ಎಂದುಕೊಂಡವರು ಬಹಳ. ರೇಸು ನಡೆಯುವುದು ಸುತ್ತುದಾರಿಯಲ್ಲಿ. ಎದುರಾಳಿ ಕಣ್ಣೆದುರಿಗೇ ಇರುತ್ತಾನೆ, ಅವನನ್ನು ಹಿಂದೆ ಹಾಕಿದರೆ ಆಯಿತು. ರ‍್ಯಾಲಿಯಲ್ಲಿ ಕಾರುಗಳನ್ನು ಒಂದೆರಡು ನಿಮಿಷದ ಅಂತರದಲ್ಲಿ ಒಂದೊಂದಾಗಿ ಬಿಡುತ್ತಾರೆ. ಮುಂದಿನವನ ಧೂಳು ಕಂಡೀತು, ಅವನು ಕಾಣುವುದು ಅಪರೂಪ. ಜಗಳವೆಲ್ಲ ಗಡಿಯಾರದ ಜೊತೆ. ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದವರೆಗೆ ಇಳಿಯುತ್ತದೆ. ಸಂಚಾರ ನಿಲ್ಲಿಸಿ ಮುಚ್ಚಿದ ದಾರಿಯ ತುಂಡಿಗೆ ಸ್ಪೆಷಲ್ ಸ್ಟೇಜು ಎಂದು ಹೆಸರು. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವ ಸಾರ್ವಜನಿಕ ರಸ್ತೆ ಟ್ರಾನ್ಸ್‌ಪೋರ್ಟ್. ಅಲ್ಲಿ ರ‍್ಯಾಲಿ ಕಾರು ಕೂಡ ಎಲ್ಲರಂತೆ ಸಿಗ್ನಲ್ಲಿಗೆ ನಿಲ್ಲಬೇಕು, ಎಮ್ಮೆ ದಾಟುವವರೆಗೆ ಕಾಯಬೇಕು. ಸಮಯ ಗುರುತು ಹಾಕಿಕೊಳ್ಳುವ ಟೈಮ್ ಕಂಟ್ರೋಲಿಗೆ ತಡವಾಗಿ ಹೋದರೆ ದಂಡ, ಹೇಳಿದ ನಿಮಿಷಕ್ಕಿಂತ ಮುಂಚೆ ಹೋದರೂ ದಂಡ. ಟಿ.ಎಸ್.ಡಿ. ಎಂದು ಕರೆಯುವ ಇನ್ನೊಂದು ಬಗೆಯಲ್ಲಿ ವೇಗಕ್ಕೆ ಬೆಲೆಯೇ ಇಲ್ಲ. ಸಮಯ, ಸರಾಸರಿ ವೇಗ, ದೂರ ಮೂರನ್ನೂ ತಾಳೆ ಹಾಕಿಕೊಂಡು ಮನೆಯ ಕಾರಿನಲ್ಲೇ ಓಡಿಸಬಹುದು. ನಮ್ಮಲ್ಲಿ ಗಂಡ ಹೆಂಡತಿ ಜೋಡಿಯಾಗಿ ಇಳಿಯುವುದು, ದಾರಿಯಲ್ಲಿ ಮಾತು ಬಿಡುವುದು ಎರಡೂ ಇದರಲ್ಲೇ ಹೆಚ್ಚು.

ರ‍್ಯಾಲಿ ಎಂಬ ಹೆಸರು ಚಾಲ್ತಿಗೆ ಬಂದದ್ದು 1911ರ ಮಾಂಟೆ ಕಾರ್ಲೊ ರ‍್ಯಾಲಿಯಿಂದ. ವಿಶ್ವ ಚಾಂಪಿಯನ್‌ಷಿಪ್ ಶುರುವಾದದ್ದು 1973ರಲ್ಲಿ. 1968ರ ಲಂಡನ್–ಸಿಡ್ನಿ ಮ್ಯಾರಥಾನ್ ಮುಂಬಯಿಗೆ ಬಂದು ಅಲ್ಲಿಂದ ಹಡಗು ಹತ್ತಿತು. ಕೀನ್ಯಾದ ಜೋಗಿಂದರ್ ಸಿಂಗ್ ಸಫಾರಿ ರ‍್ಯಾಲಿಯನ್ನು 1965, 1974, 1976ರಲ್ಲಿ ಗೆದ್ದರು; ಅದೇ ರ‍್ಯಾಲಿಯನ್ನು ಶೇಖರ್ ಮೆಹ್ತಾ 5 ಸಲ ಗೆದ್ದರು.

ಪಕ್ಕದ ಸೀಟು

ರ‍್ಯಾಲಿ ಕಾರಿನಲ್ಲಿ ಇಬ್ಬರಿರುತ್ತಾರೆ. ಓಡಿಸುವವನು ಒಬ್ಬ, ಓದುವವನು ಒಬ್ಬ. ಓದುವವನನ್ನು ನ್ಯಾವಿಗೇಟರ್ ಎಂದೋ ಕೋ-ಡ್ರೈವರ್ ಎಂದೋ ಕರೆಯುತ್ತಾರೆ. ಸ್ಪರ್ಧೆಗೆ ಮುಂಚೆ ಇಬ್ಬರೂ ಅದೇ ದಾರಿಯಲ್ಲಿ ಮೆಲ್ಲಗೆ ಹೋಗಿ ಬರುತ್ತಾರೆ. ಇದಕ್ಕೆ ರೆಕ್ಕಿ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಸಲಕ್ಕಿಂತ ಹೆಚ್ಚು ಬಿಡುವುದಿಲ್ಲ. ಚಾಲಕ ಒಂದೊಂದು ತಿರುವನ್ನೂ ನೋಡಿ ಹೇಳುತ್ತಾನೆ, ಪಕ್ಕದವನು ಪುಸ್ತಕದಲ್ಲಿ ಗೀಚಿಕೊಳ್ಳುತ್ತಾನೆ. ಪೇಸ್ ನೋಟು ಎಂದರೆ ಇದೇ. ತಿರುವಿನ ಬಿಗಿಗೆ ಅಂಕಿ, ದೂರಕ್ಕೆ ಮೀಟರು. ‘ಲೆಫ್ಟ್ ತ್ರೀ, ಹಂಡ್ರೆಡ್, ರೈಟ್ ಫೈವ್ ಓವರ್ ಕ್ರೆಸ್ಟ್, ಡೋಂಟ್ ಕಟ್.’ ಅಂದರೆ ಎಡಕ್ಕೆ ಬಿಗಿ ತಿರುವು, ಅಲ್ಲಿಂದ 100 ಮೀಟರು, ದಿಣ್ಣೆಯ ಮೇಲೆ ಬಲಕ್ಕೆ ಸಡಿಲು ತಿರುವು, ಒಳಅಂಚನ್ನು ತುಳಿಯಬೇಡ, ಕಲ್ಲೋ ಮೋರಿಯೋ ಇದೆ. ಕಾಫಿ ತೋಟದ ಓಣಿಯಲ್ಲಿ ದಿಣ್ಣೆಯ ಆಚೆ ಏನಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಮಾತ್ರ ಗೊತ್ತು. ಪಕ್ಕದವನು ಸದಾ ಒಂದೆರಡು ತಿರುವು ಮುಂದೆಯೇ ಓದುತ್ತಿರಬೇಕು. ಮುಂಚೆಯಾದರೆ ಚಾಲಕ ಮರೆತಾನು, ತಡವಾದರೆ ಮರಕ್ಕೆ ಹೋದಾನು. ಓದುವವನ ಕಣ್ಣು ಪುಟದ ಮೇಲೆ. ದಾರಿ ಅವನಿಗೆ ಸೊಂಟದಲ್ಲಿ ತಿಳಿಯುತ್ತದೆ.

ಕರ್ನಾಟಕದವರಿಗೆ ಇದು ಅಷ್ಟೇನೂ ಹೊಸತಲ್ಲ. ಘಾಟಿಯ ಇಕ್ಕಟ್ಟು ತಿರುವಿನಲ್ಲಿ ಬಸ್ಸು ಹಿಂದೆ ಸರಿಯುವಾಗ ಕಂಡಕ್ಟರು ಇಳಿದು ‘ರೈಟ್, ರೈಟ್, ಹೋಲ್ಡಾನ್’ ಎಂದು ಕೂಗುತ್ತಾನೆ. ಡ್ರೈವರು ಕನ್ನಡಿ ನೋಡುವುದಿಲ್ಲ, ಕೂಗನ್ನು ನಂಬುತ್ತಾನೆ. ಆ ನಂಬಿಕೆಯನ್ನೇ ಗಂಟೆಗೆ ನೂರು ಕಿಲೋಮೀಟರಿಗೂ ಮೇಲೆ ಒಯ್ದರೆ ರ‍್ಯಾಲಿ.

ರ‍್ಯಾಲಿ ನೋಡುವ ಓಟವಲ್ಲ, ಕೇಳುವ ಓಟ. ಚಿತ್ರ ಮಾಡುವವರು ಎಡವುವುದು ಇಲ್ಲೇ. ಧೂಳು, ಹಾರುವ ಕಾರು, ಡ್ರೋನ್ ಶಾಟುಗಳನ್ನು ತುಂಬುತ್ತಾರೆ. ಎಂಜಿನ್ನಿನ ಅಬ್ಬರದಲ್ಲಿ ಪಕ್ಕದವನ ದನಿ ಮುಳುಗಿಹೋಗುತ್ತದೆ. ಸಾವಿನ ಕಥೆ ಹೇಳಬೇಕಾದಾಗಂತೂ ಆ ದನಿಯೇ ಮುಖ್ಯ. ಅದು ನಿಂತಾಗ ಚಾಲಕ ಗೆಳೆಯನನ್ನು ಕಳೆದುಕೊಳ್ಳುವುದರ ಜೊತೆಗೆ ದಾರಿಯನ್ನೂ ಕಳೆದುಕೊಳ್ಳುತ್ತಾನೆ.

ಉಳಿದವರು

ಕಲ್ಪನೆಗಿಂತ ಗಟ್ಟಿಯಾದ ಉದಾಹರಣೆಗಳು ಈ ಕ್ರೀಡೆಯ ಇತಿಹಾಸದಲ್ಲೇ ಇವೆ. 2005ರ ಸೆಪ್ಟೆಂಬರ್ 18ರಂದು ವೇಲ್ಸ್ ರ‍್ಯಾಲಿಯಲ್ಲಿ ಎಸ್ಟೋನಿಯಾದ ಮಾರ್ಕೊ ಮಾರ್ಟಿನ್ ಓಡಿಸುತ್ತಿದ್ದ ಪೂಜೊ ಕಾರು ಮರಕ್ಕೆ ಬಡಿಯಿತು. ಕೋ-ಡ್ರೈವರ್ ಮೈಕೆಲ್ ಪಾರ್ಕ್ ತೀರಿಕೊಂಡರು, ಮಾರ್ಟಿನ್‌ಗೆ ದೊಡ್ಡ ಗಾಯವೇನೂ ಆಗಲಿಲ್ಲ. ಆ ದಿನ ಅಲ್ಲೇ ಓಡಿಸುತ್ತಿದ್ದ ಸೆಬಾಸ್ಟಿಯನ್ ಲೋಬ್ ಗೆದ್ದಿದ್ದರೆ ವಿಶ್ವ ಪ್ರಶಸ್ತಿ ಅವರದಾಗುತ್ತಿತ್ತು. ಅಂಥ ದಿನ ಪ್ರಶಸ್ತಿ ಬೇಡವೆಂದು ಅವರು ಟೈಮ್ ಕಂಟ್ರೋಲಿನಲ್ಲಿ ಬೇಕೆಂದೇ 2 ನಿಮಿಷದ ದಂಡ ಹಾಕಿಸಿಕೊಂಡು ಕೆಳಗಿಳಿದರು. ಮುಂಚೆ ಹೋದವನಿಗೂ ದಂಡ ಎಂಬ ಒಣ ನಿಯಮ ಆ ಮಧ್ಯಾಹ್ನ ಶೋಕಾಚರಣೆಯ ರೀತಿಯಾಯಿತು. ಮಾರ್ಟಿನ್ ಅಗ್ರ ಮಟ್ಟದ ಓಟವನ್ನೇ ಬಿಟ್ಟರು. ಅದೂ ಶೋಕ ನೀಗುವ ಒಂದು ದಾರಿ. ಆದರೆ ಚಿತ್ರಕಥೆ ಬರೆಯುವವರಿಗೆ ಮತ್ತೆ ಬಂದು ಗೆಲ್ಲುವವನೇ ಬೇಕು, ಬಿಟ್ಟು ಮನೆಗೆ ಹೋದವನು ಬೇಡ.

ಐರ್ಲೆಂಡಿನ ಕ್ರೇಗ್ ಬ್ರೀನ್ ಮರಳಿ ಬಂದವರು. 2012ರ ಜೂನ್‌ನಲ್ಲಿ ಸಿಸಿಲಿಯ ಟಾರ್ಗಾ ಫ್ಲೋರಿಯೊ ರ‍್ಯಾಲಿಯಲ್ಲಿ ರಸ್ತೆಬದಿಯ ತಡೆಕಂಬಿ ಕಾರಿನೊಳಗೆ ನುಗ್ಗಿ ಅವರ ಜೊತೆಗಾರ ಗ್ಯಾರೆತ್ ರಾಬರ್ಟ್ಸ್ ಸತ್ತರು. ಬ್ರೀನ್ ಅದೇ ವರ್ಷ ಪಾಲ್ ನೇಗಲ್ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಓಡಿಸಿದರು, ಸೂಪರ್ 2000 ವರ್ಗದ ವಿಶ್ವ ಪ್ರಶಸ್ತಿಯನ್ನೂ ಗೆದ್ದರು. ಸಿನಿಮಾ ಇಲ್ಲಿಗೆ ಮುಗಿಯುತ್ತಿತ್ತು. 2023ರ ಏಪ್ರಿಲ್ 13ರಂದು ಕ್ರೊಯೇಷಿಯಾದಲ್ಲಿ ಅಭ್ಯಾಸ ಮಾಡುವಾಗ ಬ್ರೀನ್ ಕೂಡ ಅಪಘಾತದಲ್ಲಿ ತೀರಿಕೊಂಡರು. ಆ ಸಲ ಪಕ್ಕದಲ್ಲಿದ್ದ ಜೇಮ್ಸ್ ಫುಲ್ಟನ್ ಬದುಕುಳಿದರು.

ಭಾರತಕ್ಕೆ ಹತ್ತಿರದ ಪ್ರಸಂಗ ನಡೆದದ್ದು ಡಕಾರ್ ರ‍್ಯಾಲಿಯಲ್ಲಿ. ಮರುಭೂಮಿಯ ಈ ದೀರ್ಘ ಓಟದಲ್ಲಿ ಬೈಕಿನವರಿಗೆ ಪಕ್ಕದ ಸೀಟೇ ಇಲ್ಲ. ಹ್ಯಾಂಡಲಿಗೆ ಕಟ್ಟಿದ ರೋಡ್‌ಬುಕ್ಕನ್ನು ತಾನೇ ಓದಿಕೊಳ್ಳುತ್ತ ದಿನಕ್ಕೆ ನೂರಾರು ಕಿಲೋಮೀಟರು ಒಂಟಿಯಾಗಿ ಹೋಗಬೇಕು. ಹೀರೊ ಕಂಪನಿಯ ರ‍್ಯಾಲಿ ತಂಡ 2017ರಲ್ಲಿ ಮೊದಲ ಸಲ ಡಕಾರಿಗೆ ಇಳಿದಾಗ ಅದರಲ್ಲಿದ್ದವರು ಇಬ್ಬರು: ಬೆಂಗಳೂರಿನ ಸಿ.ಎಸ್. ಸಂತೋಷ್ ಮತ್ತು ಪೋರ್ಚುಗಲ್ಲಿನ ಜೋಕಿಮ್ ರೊಡ್ರಿಗಸ್. 2020ರ ತಂಡಕ್ಕೆ ಪೌಲೊ ಗೊನ್ಸಾಲ್ವಿಸ್ ಬಂದರು. ಅವರಿಗೂ ರೊಡ್ರಿಗಸ್‌ಗೂ ಭಾವಮೈದುನರ ಸಂಬಂಧ. ಸೌದಿ ಅರೇಬಿಯಾದಲ್ಲಿ ಜನವರಿ 12ರಂದು, 7ನೇ ಸ್ಟೇಜಿನಲ್ಲಿ, 40 ವರ್ಷದ ಗೊನ್ಸಾಲ್ವಿಸ್ ಬಿದ್ದು ತೀರಿಕೊಂಡರು. ಮರುದಿನ ಬೈಕುಗಳ ಸ್ಟೇಜನ್ನು ರದ್ದು ಮಾಡಿದರು. ಹೀರೊ ತಂಡ ಇಡೀ ರ‍್ಯಾಲಿಯಿಂದ ಹಿಂದೆ ಸರಿಯಿತು.

ಮರುವರ್ಷ ಅದೇ ದೇಶ, ಅದೇ ಮರಳು. 2021ರ ಜನವರಿ 6ರಂದು 4ನೇ ಸ್ಟೇಜಿನಲ್ಲಿ ಸಂತೋಷ್ ಬಿದ್ದರು. ತಲೆಗೆ ಪೆಟ್ಟಾಗಿ, ರಿಯಾದ್‌ನ ಆಸ್ಪತ್ರೆಯಲ್ಲಿ ಅವರನ್ನು ಔಷಧಿಯಿಂದ ಕೋಮಾದಲ್ಲಿ ಇಡಬೇಕಾಯಿತು. ಒಂದು ವರ್ಷದ ಹಿಂದೆ ಒಬ್ಬರನ್ನು ಕಳೆದುಕೊಂಡ ತಂಡ ಮತ್ತೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿತ್ತು. ಸಂತೋಷ್ ಚೇತರಿಸಿಕೊಂಡು ಊರಿಗೆ ಮರಳಿದರು. 2022ರ ಜನವರಿ 4ರಂದು ರೊಡ್ರಿಗಸ್ 3ನೇ ಸ್ಟೇಜು ಗೆದ್ದರು. ಭಾರತದ ಕಂಪನಿಯ ತಂಡಕ್ಕೆ ಡಕಾರಿನಲ್ಲಿ ಸಿಕ್ಕ ಮೊದಲ ಸ್ಟೇಜ್ ಗೆಲುವು ಅದು. ಆ ಗೆಲುವನ್ನು ಅವರು ಗೊನ್ಸಾಲ್ವಿಸ್‌ಗೆ ಅರ್ಪಿಸಿದರು. ಈ ಮೂರು ಜನವರಿಗಳನ್ನು ಮೂರು ದೃಶ್ಯಗಳಾಗಿ ಇಟ್ಟರೆ ಕಿರುಚಿತ್ರಕ್ಕೆ ಬೇರೆ ಕಥೆ ಬೇಕಾಗದು.

ಶೋಕ ಕಾರಿನೊಳಗಿನವರದಷ್ಟೇ ಸ್ವತ್ತಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. 2019ರ ಸೆಪ್ಟೆಂಬರ್‌ನಲ್ಲಿ ರಾಜಸ್ಥಾನದಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಸುತ್ತಿನಲ್ಲಿ, ಮುಚ್ಚಿದ ಸ್ಟೇಜಿನೊಳಗೆ ಬಂದ ಬೈಕಿಗೆ ಸ್ಪರ್ಧೆಯ ಕಾರು ಬಡಿದು ಒಂದೇ ಕುಟುಂಬದ 3 ಮಂದಿ ಸತ್ತರು. ಸಂಘಟಕರಿಗೆ ಅದು ಸ್ಪೆಷಲ್ ಸ್ಟೇಜು, ಊರಿನವರಿಗೆ ದಿನನಿತ್ಯದ ದಾರಿ. ರ‍್ಯಾಲಿ ಚಿತ್ರಗಳಲ್ಲಿ ಹಳ್ಳಿಯವರು ಗಿಡದ ಮರೆಯಿಂದ ಕೈಬೀಸುವ ಗುಂಪಾಗಿ ಬರುತ್ತಾರೆ. ಆ ಗುಂಪಿನ ಕಡೆಯಿಂದ ಕ್ಯಾಮೆರಾ ಇಟ್ಟು ನೋಡಿದರೆ ಬೇರೆಯೇ ಚಿತ್ರವಾದೀತು.

ತೆರೆಯ ಮೇಲೆ

ರ‍್ಯಾಲಿ ಚಾಲಕರ ಬಗ್ಗೆ ಬಂದ ಕಿರುಚಿತ್ರಗಳಲ್ಲಿ ‘ಕ್ಲೈಂಬ್ ಡಾನ್ಸ್’ಗೆ ವಿಶೇಷ ಸ್ಥಾನವಿದೆ. ಜಾನ್-ಲೂಯಿ ಮೂರೆ ನಿರ್ದೇಶಿಸಿದ ಇದು ಸುಮಾರು 5 ನಿಮಿಷದ್ದು. ಅಮೆರಿಕದ ಕೊಲರಾಡೊದಲ್ಲಿ ಪೈಕ್ಸ್ ಪೀಕ್ ಎಂಬ ಪರ್ವತವಿದೆ. 156 ತಿರುವುಗಳ, ಸುಮಾರು 20 ಕಿಲೋಮೀಟರಿನ ದಾರಿ 4,300 ಮೀಟರು ಎತ್ತರಕ್ಕೆ ಏರುತ್ತದೆ. ಆಗ ಅದು ಬಹುಪಾಲು ಜಲ್ಲಿದಾರಿ, ಅಂಚಿನಲ್ಲಿ ಕಟ್ಟೆಯಿಲ್ಲ, ಕೆಳಗೆ ಪ್ರಪಾತ. 1988ರಲ್ಲಿ ಫಿನ್ಲೆಂಡಿನ ಆರಿ ವಾತನೆನ್ ಪೂಜೊ 405 ಟಿ16 ಕಾರಿನಲ್ಲಿ ಇದನ್ನು 10 ನಿಮಿಷ 47.22 ಸೆಕೆಂಡಿನಲ್ಲಿ ಏರಿ ದಾಖಲೆ ಮಾಡಿದರು. ಚಿತ್ರದಲ್ಲಿ ಎಲ್ಲರೂ ನೆನಪಿಟ್ಟುಕೊಳ್ಳುವ ಒಂದು ಗಳಿಗೆ ಇದೆ. ತಿರುವಿನಲ್ಲಿ ಎದುರು ಬಿಸಿಲು ಕಣ್ಣಿಗೆ ರಾಚುತ್ತದೆ. ವಾತನೆನ್ ಒಂದು ಕೈಯನ್ನು ಸ್ಟಿಯರಿಂಗಿನಿಂದ ತೆಗೆದು ಹುಬ್ಬಿಗೆ ಅಡ್ಡ ಹಿಡಿಯುತ್ತಾರೆ, ಹೊಲದ ಬದುವಿನಲ್ಲಿ ನಿಂತ ರೈತ ದೂರದಲ್ಲಿ ಯಾರು ಬಂದರೆಂದು ನೋಡುವ ಹಾಗೆ. ಇನ್ನೊಂದು ಕೈ ಅಂಚಿನಲ್ಲಿ ಜಾರುತ್ತಿರುವ ಕಾರನ್ನು ಸಂಭಾಳಿಸುತ್ತಿರುತ್ತದೆ.

ಸಾಹಸದ ಚಿತ್ರವೆಂದು ಲೋಕ ಇದನ್ನು ಮೆಚ್ಚಿತು. ಆದರೆ ಆ ಏರಿಕೆಗೆ ಮೂರು ವರ್ಷದ ಹಿಂದೆ, 1985ರ ಅರ್ಜೆಂಟೀನಾ ರ‍್ಯಾಲಿಯಲ್ಲಿ, ಅದೇ ವಾತನೆನ್ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರು. ಕೋ-ಡ್ರೈವರ್ ಟೆರಿ ಹ್ಯಾರಿಮನ್ ಅವರಿಗೂ ಪೆಟ್ಟಾಗಿತ್ತು. ಮೈ ಗುಣವಾದರೂ ವಾತನೆನ್ ಮನಸ್ಸು ಏಳಲಿಲ್ಲ. ತಮಗೆ ವಾಸಿಯಾಗದ ರೋಗ ತಗುಲಿದೆ ಎಂಬ ಭ್ರಮೆಯಲ್ಲಿ, ತೀವ್ರ ಖಿನ್ನತೆಯಲ್ಲಿ ತಿಂಗಳುಗಟ್ಟಲೆ ಕಳೆದರು. ಒಂದೂವರೆ ವರ್ಷದ ಮೇಲೆ ಎದ್ದು ಬಂದು 1987ರ ಪ್ಯಾರಿಸ್–ಡಕಾರ್ ಗೆದ್ದರು. ‘ಕ್ಲೈಂಬ್ ಡಾನ್ಸ್’ನಲ್ಲಿ ಇದರ ಮಾತೇ ಇಲ್ಲ. ಬೆಟ್ಟ ಏರುವ ಸ್ಪರ್ಧೆಯಾದ್ದರಿಂದ ಪಕ್ಕದಲ್ಲಿ ಯಾರೂ ಇಲ್ಲ, ಓದುವ ದನಿಯೂ ಇಲ್ಲ. ಹಿಂದಿನದು ಗೊತ್ತಿದ್ದವರಿಗೆ ಆ ಖಾಲಿ ಬದಿಯೇ ಕಾಣುತ್ತದೆ. ಹೇಳದೆ ಬಿಟ್ಟದ್ದನ್ನು ನೋಡುವವನೇ ತುಂಬಿಕೊಳ್ಳುತ್ತಾನೆ. ಕಿರುಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಕ್ಲಾಡ್ ಲಲೂಶ್ 1976ರಲ್ಲಿ ಮಾಡಿದ ಸುಮಾರು 8 ನಿಮಿಷದ ಚಿತ್ರವೊಂದಿದೆ. ಬೆಳಗಿನ ಜಾವದ ಪ್ಯಾರಿಸ್ಸಿನಲ್ಲಿ ಒಂದೇ ಉಸಿರಿಗೆ ಓಡುವ ಕಾರು. ಚಿತ್ರ ತೆಗೆದದ್ದು ಮರ್ಸಿಡಿಸ್ ಕಾರಿನಿಂದ, ಕೇಳಿಸುವುದು ಆಮೇಲೆ ಕೂಡಿಸಿದ ಫೆರಾರಿಯ ಸದ್ದು! ಕಿವಿಗೆ ಮೋಸ ಮಾಡಿದರೆ ಕಣ್ಣು ತಾನಾಗಿ ನಂಬುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಕಥಾಚಿತ್ರಗಳಲ್ಲಿ ಮ್ಯಾಟಿಯೊ ರೊವೆರೆ ಅವರ ಇಟಾಲಿಯನ್ ಚಿತ್ರ ‘ವೆಲೋಚೆ ಕೊಮೆ ಇಲ್ ವೆಂತೊ’ (2016) ಈ ವಸ್ತುವಿಗೆ ಹತ್ತಿರದ್ದು. ತಂದೆ ತೀರಿಕೊಂಡ ಮನೆಯಲ್ಲಿ ಓಟದ ಹುಡುಗಿ, ಅವಳಿಗೆ ಕಲಿಸಲು ಬರುವವನು ನಶೆಯಲ್ಲಿ ಹಾಳಾದ ಅಣ್ಣ, ಹಿಂದೊಮ್ಮೆ ರ‍್ಯಾಲಿ ಓಡಿಸಿದವನು. ನಟ ಎರಿಕ್ ಬಾನಾ ತನ್ನ ಹಳೆಯ ಫೋರ್ಡ್ ಫಾಲ್ಕನ್ ಬಗ್ಗೆ ಮಾಡಿದ ಸಾಕ್ಷ್ಯಚಿತ್ರ ‘ಲವ್ ದಿ ಬೀಸ್ಟ್’ (2009) ಟಾಸ್ಮೇನಿಯಾದ ರ‍್ಯಾಲಿಯಲ್ಲಿ ಆ ಕಾರು ಜಜ್ಜಿಹೋದದ್ದರ ಸುತ್ತ ಇದೆ. ಗಾಡಿಗೂ ಸೂತಕ ಹಿಡಿಯಬಹುದೆ ಎಂದು ನಗುವವರು ಮಾರಿದ ಎತ್ತಿನ ಹಿಂದೆ ಅತ್ತವರನ್ನು ನೋಡಿರಲಿಕ್ಕಿಲ್ಲ.

ರ‍್ಯಾಲಿಯೇ ಇಲ್ಲದೆ ಈ ವಸ್ತುವನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದದ್ದು ಜಪಾನಿನ ರ್ಯೂಸುಕೆ ಹಮಾಗುಚಿ ಅವರ ‘ಡ್ರೈವ್ ಮೈ ಕಾರ್’ (2021). ಕೆಂಪು ಸಾಬ್ ಕಾರಿನಲ್ಲಿ ರಂಗನಟನೊಬ್ಬ ಕ್ಯಾಸೆಟ್ ಹಾಕಿಕೊಂಡು ನಾಟಕದ ಮಾತು ಒಪ್ಪಿಸುತ್ತಾನೆ. ಕ್ಯಾಸೆಟ್ಟಿನಲ್ಲಿ ಎದುರು ಪಾತ್ರದ ಮಾತು ಓದುವ ದನಿ ಅವನ ತೀರಿಹೋದ ಹೆಂಡತಿಯದು. ಅವಳು ಬಿಟ್ಟ ಜಾಗದಲ್ಲಿ ಇವನು ಉತ್ತರಿಸಬೇಕು. ಪೇಸ್ ನೋಟು ಎಂದರೆ ಇದೇ ಅಲ್ಲವೆ? ಆಸ್ಕರ್ ಬಂದ ಆ ಚಿತ್ರ ಸುಮಾರು ಮೂರು ಗಂಟೆಯದು, ಕ್ಯಾಸೆಟ್ಟಿನ ದೃಶ್ಯಗಳನ್ನಷ್ಟೇ ಆಯ್ದುಕೊಂಡರೆ ಕಿರುಚಿತ್ರ.

ಕನ್ನಡದ ‘777 ಚಾರ್ಲಿ’ (2022) ಬೇರೆ ದಾರಿಯಿಂದ ಇಲ್ಲಿಗೇ ಬರುತ್ತದೆ. ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿದ, ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರದ ಧರ್ಮ ಚಿಕ್ಕಂದಿನಲ್ಲೇ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವನು. ಬೈಕಿಗೆ ಸೈಡ್‌ಕಾರ್ ಹಚ್ಚಿ, ಸಾಯಲಿರುವ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಮ ನೋಡಲು ಹೊರಡುತ್ತಾನೆ. ಖಾಲಿಯಿದ್ದ ಪಕ್ಕದ ಸೀಟಿಗೆ ಒಂದು ಜೀವ ಬರುತ್ತದೆ, ಅದೂ ಉಳಿಯುವುದಿಲ್ಲ. ಅತಿ ಕಣ್ಣೀರಾಯಿತು ಎಂದವರಿದ್ದಾರೆ. ಆದರೂ ಸೈಡ್‌ಕಾರಿನ ಉಪಾಯ ಸೊಗಸಾದದ್ದು.

ಕರ್ನಾಟಕದ ದಾರಿ

ಕನ್ನಡ ಚಿತ್ರರಂಗಕ್ಕೂ ರಸ್ತೆಯ ಸಾವಿಗೂ ಹಳೆಯ ಸಂಕಟದ ನಂಟು. ನಶೆಯಲ್ಲಿ ಕಾರು ಓಡಿಸಿ, ರಸ್ತೆಬದಿ ಮಲಗಿದವರ ಮೇಲೆ ಹಾಯಿಸಿದ ಶ್ರೀಮಂತ ಹುಡುಗನ ಕಥೆಯನ್ನು ‘ಆ್ಯಕ್ಸಿಡೆಂಟ್’ ಚಿತ್ರದಲ್ಲಿ ಹೇಳಿದ ಶಂಕರನಾಗ್, 1990ರ ಸೆಪ್ಟೆಂಬರ್ 30ರಂದು ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಉತ್ತರ ಕರ್ನಾಟಕದತ್ತ ಹೊರಟಾಗ ದಾವಣಗೆರೆಯ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತಕ್ಕೆ ಸಿಕ್ಕಿ ತೀರಿಕೊಂಡರು. ಅವರ ಭಾವಚಿತ್ರವನ್ನು ಇಂದಿಗೂ ಹೊತ್ತು ತಿರುಗುವುದು ಆಟೊರಿಕ್ಷಾಗಳೇ. ಗಾಡಿಯಿಂದ ಬಂದ ಶೋಕವನ್ನು ಗಾಡಿಯ ಬೆನ್ನಿಗೇ ಅಂಟಿಸಿಕೊಂಡ ನಾಡು ಇದು.

ಓಟದ ಕಡೆಗೂ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ದೇಶದ ಹಳೆಯ ರ‍್ಯಾಲಿಗಳಲ್ಲೊಂದು. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಏಷ್ಯಾ ಪೆಸಿಫಿಕ್ ಚಾಂಪಿಯನ್‌ಷಿಪ್ಪಿನ ಸುತ್ತುಗಳು ನಡೆದಿವೆ. 2016ರ ಸುತ್ತನ್ನು ಗೆದ್ದವರು ದೆಹಲಿಯ ಗೌರವ್ ಗಿಲ್. ಅವರ ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆ ಕೂತು ಓದಿದವರು ಕಾಸರಗೋಡಿನ ಮೂಸಾ ಶರೀಫ್. ಮಳೆ ನಿಂತ ಮೇಲೆ, ಕೊಯ್ಲಿಗೆ ಮುಂಚೆ, ತೋಟದ ಕೆಮ್ಮಣ್ಣಿನ ಓಣಿಗಳು ಓಟಕ್ಕೆ ಹದವಾಗಿರುತ್ತವೆ: ಬೆಳಿಗ್ಗೆ ಇಬ್ಬನಿಗೆ ಜಾರು, ಮಧ್ಯಾಹ್ನ ಧೂಳು, ಸಿಲ್ವರ್ ಓಕಿನ ನೆರಳು ಬಿಸಿಲು ಒಂದರ ಹಿಂದೊಂದು ಗಾಜಿಗೆ ಬಡಿಯುತ್ತಿರುತ್ತದೆ. ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಮುಗಿಸಿದ ಮೊದಲ ಭಾರತೀಯರು. ಉಡುಪಿಯ ಕೆ.ಪಿ. ಅರವಿಂದ್ ಟಿವಿಎಸ್ ತಂಡದಿಂದ ಡಕಾರಿಗೆ ಹೋದರು, ಆಮೇಲೆ ಬಿಗ್ ಬಾಸ್ ಮನೆಗೂ ‘ಅರ್ಧಂಬರ್ಧ ಪ್ರೇಮಕಥೆ’ (2023) ಎಂಬ ಸಿನಿಮಾಕ್ಕೂ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದರು.

ಇಷ್ಟೆಲ್ಲ ಇರುವಾಗ ಕನ್ನಡದಲ್ಲಿ ರ‍್ಯಾಲಿ ಕಿರುಚಿತ್ರ ಮಾಡದಿರಲು ದುಡ್ಡಿನ ನೆವ ಹೇಳುವುದು ಸರಿಯಲ್ಲ. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷದ ಕನ್ನಡ ಕಿರುಚಿತ್ರ 2024ರಲ್ಲಿ ಕಾನ್ ಉತ್ಸವದ ಲಾ ಸಿನೆಫ್ ವಿಭಾಗದ ಮೊದಲ ಬಹುಮಾನ ಪಡೆಯಿತು. ಅದರಲ್ಲಿದ್ದದ್ದು ಹುಂಜ ಕದ್ದ ಅಜ್ಜಿ, ಬೆಳಗೇ ಆಗದ ಊರು. ಅಂದ ಮೇಲೆ ಒಂದು ಹಳೆಯ ಜಿಪ್ಸಿ, ಒಂದು ನೋಟ್‌ಬುಕ್ಕು, ಇಬ್ಬರು ನಟರು ಸಾಕು.

ಘಟಪ್ರಭೆಯ ದಡದಲ್ಲಿ

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಿಂದ ಗೋಕಾಕ, ಮೂಡಲಗಿಯವರೆಗಿನ ಸೀಮೆಯಲ್ಲಿ ಓಟವೆಂದರೆ ರ‍್ಯಾಲಿಯಲ್ಲ, ಶರ್ಯತ್ತು. ಜಾತ್ರೆಯ ಮರುದಿನ ಎತ್ತಿನ ಗಾಡಿಗಳ ಶರ್ಯತ್ತು ಇಲ್ಲಿನ ವಾಡಿಕೆ. 2014ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನಿಂತದ್ದು, ಕಂಬಳಕ್ಕೂ ಗಾಡಿ ಓಟಕ್ಕೂ ಅವಕಾಶ ಕೊಟ್ಟ ರಾಜ್ಯದ ತಿದ್ದುಪಡಿಯನ್ನು ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿದ ಮೇಲೆ ಕಾನೂನಿನ ಭಯವಿಲ್ಲದೆ ನಡೆಯುತ್ತಿದೆ. ಗೆದ್ದ ಎತ್ತು ಸತ್ತರೆ ಹಲಗೆ ಬಾರಿಸಿ, ಮೆರವಣಿಗೆ ಮಾಡಿ ಹೊಲದಲ್ಲಿ ಮಣ್ಣು ಕೊಡುವ ಮನೆಗಳಿವೆ. ಸತ್ತವರನ್ನು ಹಾಡ್ಯಾಡಿ ಅಳುವ ಹೆಂಗಸರು ಎತ್ತಿನ ಗುಣವನ್ನೂ ಹಾಡುತ್ತಾರೆ.

ಇನ್ನೊಂದು ಆಟ ಕಬ್ಬಿನ ಜೊತೆ ಬಂದದ್ದು. ಟ್ರಾಲಿ ಹಚ್ಚಿದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ, ಸುಣ್ಣದ ಗೆರೆ ತುಳಿಯದೆ, ಯಾರು ಬೇಗ ಒಯ್ಯುತ್ತಾರೆ ಎಂಬ ಸ್ಪರ್ಧೆ. ಎದುರಾಳಿ ಪಕ್ಕದಲ್ಲಿಲ್ಲ, ಇರುವುದು ಗಡಿಯಾರ. ಸ್ಟಿಯರಿಂಗು ಎಡಕ್ಕೆ ತಿರುಗಿಸಿದರೆ ಟ್ರಾಲಿ ಬಲಕ್ಕೆ ಹೋಗುತ್ತದೆ. ಒಂದಿಷ್ಟು ಹೆಚ್ಚಾದರೆ ಕತ್ತರಿಯ ಹಾಗೆ ಮಡಚಿಕೊಳ್ಳುತ್ತದೆ. ಈ ವಿದ್ಯೆ ಕಲಿಯುವುದು ಸ್ಪರ್ಧೆಯ ಮೈದಾನದಲ್ಲಲ್ಲ. ಸೀಜನ್ನಿನ ರಾತ್ರಿಗಳಲ್ಲಿ, ಕೆಸರಾದ ಗದ್ದೆಯಲ್ಲಿ, ಕಬ್ಬು ಹೇರುವ ಜಾಗಕ್ಕೆ ಟ್ರಾಲಿ ಹಿಂದೆ ಒತ್ತುವಾಗ. ಡ್ರೈವರಿಗೆ ಕತ್ತಲಲ್ಲಿ ಏನೂ ಕಾಣದು. ಹಿಂದೆ ಬದುವಿನ ಮೇಲೆ ತಮ್ಮನೋ ಗೆಳೆಯನೋ ಮೊಬೈಲಿನ ಬೆಳಕು ಹಿಡಿದು ನಿಂತಿರುತ್ತಾನೆ. ‘ಬರ್ಲಿ, ಬರ್ಲಿ... ಸ್ವಲ್ಪ ಬಲಕ್ಕ ತೊಗೋ... ಬರ್ಲಿ... ಸಾಕ್, ಸಾಕ್!’ ಆಮೇಲೆ ಟ್ರಾಲಿಯ ಹಲಗೆಯ ಮೇಲೆ ಅಂಗೈಯಿಂದ ಎರಡು ಏಟು. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳದಿದ್ದರೂ ಆ ಎರಡು ಏಟು ಡ್ರೈವರಿಗೆ ಸೀಟಿನವರೆಗೆ ಬಂದು ಮುಟ್ಟುತ್ತವೆ.